ಇಪ್ಪತ್ತು ಅಡಿ ದೂರದಿಂದ

ಜೂನ್ ೮

ಮಗಳೇ,

ನಿನ್ನ ಪತ್ರ ಗುರುವಾರ ಕೈಸೇರಿತು. ಮುದ್ರಣಾಲಯದಲ್ಲಿ ನಿನಗೆ ಕಿಟಕಿ ಪಕ್ಕದ ಮೇಜು ಸಿಕ್ಕಿತೆಂದು ಓದಿ ಖುಷಿಯಾಯಿತು. ಕರಡು ತಿದ್ದುವವರಿಗೆ ಬೆಳಕು ಎಡಗಡೆಯಿಂದ ಬೀಳಬೇಕು. ಬಲಗಡೆಯಿಂದ ಬಿದ್ದರೆ ಮೇಜು ತಿರುಗಿಸಿಕೋ, ಸಂಕೋಚಪಡಬೇಡ.

ಅಂಗಡಿಗೆ ಬಣ್ಣ ಬಳಿಸಿದೆ. ಇಪ್ಪತ್ತು ಅಡಿ ಉದ್ದ, ಏಳು ಅಡಿ ಅಗಲದ ರೈಲು ಡಬ್ಬಿಯಂಥ ಜಾಗಕ್ಕೆ ಎರಡು ದಿನ ಹಿಡಿಯಿತು. ಕೊನೆಯ ಗೋಡೆಯ, ಕಣ್ಣು ಪರೀಕ್ಷಿಸುವ ಅಕ್ಷರಪಟವನ್ನು ಮಾತ್ರ ತೆಗೆಯಲು ಬಿಡಲಿಲ್ಲ. ಇಪ್ಪತ್ತಾರು ವರ್ಷದಿಂದ ಅದೇ ಮೊಳೆಯಲ್ಲಿದೆ. ಬಣ್ಣದವನು ಗೊಣಗುತ್ತಲೇ ಅದರ ಸುತ್ತ ಬಳಿದ. "ಪಟ ತೆಗೆದ್ರೆ ಗೋಡೆ ಬೀಳುತ್ತೇನ್ರೀ ನಿಮ್ದು?" ಎಂದ. ನಿನ್ನ ಅಮ್ಮ ಒಳಗಿನಿಂದಲೇ, "ಗೋಡೆ ಅಲ್ಲಪ್ಪ, ಅವರೇ ಬೀಳ್ತಾರೆ" ಎಂದಳು.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಮ್ಮ ಹಿಂದಿನ ಗೋಡೆಯಾಚೆಯ ದೊಡ್ಡ ಶಾಲೆಗೆ ಹೊಸ ಮುಖ್ಯೋಪಾಧ್ಯಾಯಿನಿ ಬಂದಿದ್ದಾರೆ. ಕನ್ನಡಕದ ಕಡ್ಡಿ ಮುರಿದಿತ್ತೆಂದು ತಾವೇ ಅಂಗಡಿಗೆ ಬಂದರು. ನಾನು ಸ್ಕ್ರೂ ಹಾಕುತ್ತಿದ್ದಾಗ ಕೇಳಿದರು.

"ನಿಮ್ಮ ಅಂಗಡಿಯಿಂದ ನಮ್ಮ ಶಾಲೆಗೆ ಎಷ್ಟು ದೂರ?"

"ಗೋಡೆ ಒಂದೇ ಅಡ್ಡ, ಮೇಡಂ. ನಡ್ಕೊಂಡು ಬಂದ್ರೆ ಕಾಲು ಗಂಟೆ."

"ನೋಡಿ, ಗೋಡೆ ದಪ್ಪ ಒಂದಡಿ, ದಾರಿ ಕಾಲು ಗಂಟೆ. ಅದಕ್ಕೇ ಹಿಂದಿನ ಗೇಟು ತೆಗೆಸ್ತಿದೀನಿ."

ಇನ್ನು ಮೇಲೆ ಪ್ರತಿ ಶನಿವಾರ ನಮ್ಮ ಓಣಿಯ ಮಕ್ಕಳು ಆ ಶಾಲೆಯ ಪ್ರಯೋಗಶಾಲೆ, ಗ್ರಂಥಾಲಯ ಎರಡನ್ನೂ ಬಳಸಬಹುದಂತೆ. ಅಲ್ಲಿಯ ಶಿಕ್ಷಕರೇ ಕಲಿಸುತ್ತಾರೆ. ಓಣಿಯ ಬಡಗಿ, ವೆಲ್ಡರ್, ದರ್ಜಿ ಹೋಗಿ ಆ ಶಾಲೆಯ ಮಕ್ಕಳಿಗೂ ನಮ್ಮ ಮಕ್ಕಳಿಗೂ ಒಟ್ಟಿಗೆ ತಮ್ಮ ಕೆಲಸ ಕಲಿಸಬೇಕು. ಶನಿವಾರ ಬರುವ ಮಕ್ಕಳಲ್ಲಿ ಹನ್ನೆರಡು ಜನಕ್ಕೆ ಮುಂದಿನ ವರ್ಷದಿಂದ ಉಚಿತ ಸೀಟು. ಮಕ್ಕಳ ಕಣ್ಣು ಪರೀಕ್ಷಿಸಲು, ಮಸೂರದ ಪಾಠ ಹೇಳಲು ನಾನು ಬರಬೇಕಂತೆ.

ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದೆ. ಕೇಳಬೇಕಾದದ್ದು ನಿನ್ನನ್ನು. ಏನು ಹೇಳುತ್ತೀ?

ಅಪ್ಪ

(ನಿನ್ನ ಅಮ್ಮ ಕೇಳುತ್ತಿದ್ದಾಳೆ: ರಜಕ್ಕೆ ಬರುವಾಗ ಈ ಸಲವಾದರೂ ನಾಲ್ಕು ದಿನ ಇರುತ್ತೀಯಾ?)


ಜೂನ್ ೨೧

ಅಪ್ಪ,

ಕೇಳಿದ್ದಕ್ಕೆ ಹೇಳುತ್ತೇನೆ. ಹೋಗಬೇಡ.

ಆ ಶಾಲೆ ಉಚಿತ ಸೀಟು ಕೊಡುತ್ತಿರುವುದು ಇದೇ ಮೊದಲಲ್ಲ. ಹದಿನಾರು ವರ್ಷದ ಹಿಂದೆ ಓಣಿಯಿಂದ ಒಬ್ಬಳಿಗೆ ಕೊಟ್ಟಿದ್ದರು. ಅವಳಿಗೆ ಹನ್ನೊಂದು ವರ್ಷ. ಸಮವಸ್ತ್ರ ಒಂದು ಬೆರಳು ಉದ್ದವಿತ್ತು, ಅಮ್ಮ ಒಳಗೆ ಮಡಚಿ ಹೊಲಿದಿದ್ದಳು. ಕೊನೆಯ ಬೆಂಚಿನಲ್ಲಿ ಕೂರಿಸಿದರು. ಹತ್ತು ತಿಂಗಳ ನಂತರ ಕರೆದು, "ಈ ಹುಡುಗಿಗೆ ಗಮನ ಇಲ್ಲ, ಬೋರ್ಡು ನೋಡಿ ಬರೆಯೋಲ್ಲ, ಪಕ್ಕದವಳ ಪುಸ್ತಕ ನೋಡಿ ಬರೀತಾಳೆ. ಬುದ್ಧಿ ಸಾಲದು" ಎಂದು ವಾಪಸು ಕಳಿಸಿದರು. ಅಂಗಿ ತೆಗೆದುಕೊಂಡವರು ಅಳತೆ ಸರಿಯಿಲ್ಲವೆಂದು ಅಂಗಡಿಗೆ ಹಿಂದಿರುಗಿಸುತ್ತಾರಲ್ಲ, ಹಾಗೆ.

ನೀನು ಅವರ ಮುಂದೆ ಕೈ ಜೋಡಿಸಿ ನಿಂತಿದ್ದೆ. "ತಪ್ಪಾಯ್ತು ಸಾರ್" ಎಂದೆ. ಏನು ತಪ್ಪೆಂದು ನಾನು ಇಂದಿಗೂ ಯೋಚಿಸುತ್ತೇನೆ.

ಗೋಡೆಗೆ ಗೇಟು ಇಟ್ಟರೆ ಒಳ್ಳೆಯದೇ. ಆ ಗೇಟಿನಲ್ಲಿ ನೀನು ಹೋಗುವುದನ್ನು ಊಹಿಸಿಕೊಳ್ಳಲು ನನ್ನಿಂದಾಗುವುದಿಲ್ಲ.

ಮೇಜು ತಿರುಗಿಸಿಕೊಂಡೆ. ಬೆಳಕು ಈಗ ಎಡಗಡೆ.

ನಿನ್ನ ಮಗಳು


ಜುಲೈ ೧೫

ಮಗಳೇ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಹೋಗುವುದಿಲ್ಲ ಎಂದು ಮೇಡಂಗೆ ಹೇಳಿಯೂ ಬಂದೆ. ಆಮೇಲೆ ಹೋದೆ. ಇದನ್ನು ನಿನ್ನಿಂದ ಮುಚ್ಚಿಡಲಾರೆ.

ಕಾರಣ ಬಡಗಿ. ನಿನಗೆ ಗೊತ್ತಲ್ಲ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಮಾತಾಡುವವನು. ಮೊದಲ ಶನಿವಾರ ಹೋಗಿ ಬಂದು ನನ್ನ ಅಂಗಡಿ ಮುಂದೆ ಕೂತ. "ಅಣ್ಣಾ, ನನ್ನ ಮುಂದೆ ಮೂವತ್ತು ಮಕ್ಕಳು. ಕೈಯಲ್ಲಿ ಅಳತೆಪಟ್ಟಿ ಕೊಟ್ಟೆ. ನಾಲ್ಕು ಮಕ್ಕಳು ಅದನ್ನ ಮೂಗಿಗೆ ಮುಟ್ಟಿಸಿ ನೋಡ್ತವೆ. ಅಳತೆ ಓದ್ತವೋ, ಮೂಸಿ ನೋಡ್ತವೋ, ನನಗೆ ತಿಳೀಲಿಲ್ಲ. ನೀನು ಬಂದು ನೋಡು" ಎಂದ.

ನಗು ಬಂತು. ನಗು ನಿಂತ ಮೇಲೆ ಕೂರಲಾಗಲಿಲ್ಲ.

ಹಿಂದಿನ ಗೇಟು ಕಬ್ಬಿಣದ್ದು, ವೆಲ್ಡರನೇ ಮಾಡಿದ್ದು. ಒಳಗೆ ಕಾಲಿಟ್ಟಾಗ ನಿನ್ನ ನೆನಪು ಬಾರದೆ ಇರಲಿಲ್ಲ. ಪ್ರಯೋಗಶಾಲೆಯಲ್ಲಿ ಉದ್ದನೆಯ ಮೇಜುಗಳು, ಒಂದೊಂದಕ್ಕೂ ಒಂದು ನಲ್ಲಿ. ಓಣಿಯ ಮಕ್ಕಳು ಮೊದಲ ಹತ್ತು ನಿಮಿಷ ನಲ್ಲಿ ತಿರುಗಿಸುವುದರಲ್ಲೇ ಕಳೆದವು. ಶಾಲೆಯ ಮಕ್ಕಳು ಬಡಗಿಯ ಸುತ್ತ ನಿಂತು, ಎರಡು ಹಲಗೆ ಮೊಳೆಯಿಲ್ಲದೆ ಹೇಗೆ ಕಚ್ಚಿಕೊಳ್ಳುತ್ತವೆಂದು ಬಾಯಿ ಬಿಟ್ಟು ನೋಡುತ್ತಿದ್ದವು. ಒಂಬತ್ತನೇ ತರಗತಿಯವನೊಬ್ಬ ಉಳಿ ಹಿಡಿದು ಬೆವರುತ್ತಿದ್ದ. ಅವನಿಗೆ ತೋರಿಸಿಕೊಡುತ್ತಿದ್ದವಳು ಬಡಗಿಯ ಕಿರಿಮಗಳು. "ಹಾಗಲ್ಲ ಅಣ್ಣ, ಉಳಿ ಮರದ ಎಳೆ ಇರೋ ಕಡೆಗೇ ಹೋಗ್ಬೇಕು. ಮರದ ಮೇಲೆ ಸಿಟ್ಟು ಮಾಡ್ಬೇಡ."

ಅಂಗಡಿಯ ಅಕ್ಷರಪಟವನ್ನು ಮೊಳೆಯಿಂದ ಬಿಡಿಸಿ ತೆಗೆದುಕೊಂಡು ಹೋಗಿದ್ದೆ. ಗೋಡೆಯಲ್ಲಿ ಅದರ ಜಾಗ ಮಾತ್ರ ಹಳೆಯ ಬಣ್ಣದಲ್ಲಿ ಚೌಕವಾಗಿ ಉಳಿದಿದೆ. ಶಾಲೆಯ ಮೊಗಸಾಲೆಯಲ್ಲಿ ತೂಗುಹಾಕಿ, ಇಪ್ಪತ್ತು ಅಡಿ ಅಳೆದು ಸುಣ್ಣದ ಗೆರೆ ಎಳೆದೆ. ಐವತ್ತೆರಡು ಮಕ್ಕಳನ್ನು ನೋಡಿದೆ. ಹನ್ನೊಂದು ಮಕ್ಕಳಿಗೆ ಕನ್ನಡಕ ಬೇಕು. ಅದರಲ್ಲಿ ಐದು ಶಾಲೆಯ ಮಕ್ಕಳೇ.

ನೀನು ಬೇಡವೆಂದದ್ದನ್ನು ಮಾಡಿದೆ. ಬೈದು ಬರೆ.

ಅಪ್ಪ


ಆಗಸ್ಟ್ ೧೯

ಮಗಳೇ,

ನೀನು ಬೈದೂ ಬರೆಯಲಿಲ್ಲ. ಐದು ವಾರವಾಯಿತು. ಆದರೂ ಇದನ್ನು ಬರೆಯಲೇಬೇಕಾಗಿದೆ. ಕುಳಿತು ಓದು.

ಶನಿವಾರದ ಮಕ್ಕಳಲ್ಲಿ ಇಸ್ತ್ರಿಯವಳ ಮಗಳು ಒಬ್ಬಳಿದ್ದಾಳೆ, ಎಂಟು ವರ್ಷ. ಎಲ್ಲರೂ ಅವಳನ್ನು ಗಿಣಿ ಅನ್ನುತ್ತಾರೆ. ಬಾಯಿ ಸುಮ್ಮನಿರುವುದಿಲ್ಲ. ಅವಳ ಕಣ್ಣು ನಾನು ಮೊದಲ ವಾರವೇ ನೋಡಿದ್ದೆ. ಕೊನೆಯ ಸಾಲಿನವರೆಗೂ ಒಂದೂ ತಪ್ಪಿಲ್ಲದೆ ಹೇಳಿದ್ದಳು. ನೋಟ ಸರಿ ಇದೆ ಎಂದು ಬರೆದುಕೊಟ್ಟಿದ್ದೆ.

ಕಳೆದ ಶನಿವಾರ ಪಟದ ಮುಂದೆ ಸಾಲು ನಿಂತಿತ್ತು. ಗಿಣಿ ನನ್ನ ಪಕ್ಕದಲ್ಲಿ, ಪಟಕ್ಕೆ ಬೆನ್ನು ಹಾಕಿ, ಗೋಡೆಗೆ ಚೆಂಡು ಹೊಡೆಯುತ್ತಿದ್ದಳು. ಹೊಡೆತಕ್ಕೊಂದು ಅಕ್ಷರ. "ಗ. ಪ, ಟ. ರ, ಲ, ಮ. ಜ, ಬ, ಡ, ನ..." ಕೊನೆಯ ಸಾಲಿನವರೆಗೂ.

"ಇದೆಲ್ಲಿ ಕಲಿತೆ?" ಎಂದೆ.

"ಸಾಲಲ್ಲಿ ನಿಂತು ನಿಂತು ಬಂತು ತಾತ. ಎಲ್ಲರೂ ಅದನ್ನೇ ಹೇಳ್ತಾರಲ್ಲ."

"ಅಲ್ಲಿರೋದು ಕಾಣುತ್ತಾ?"

"ಅಲ್ಲಿ ಏನಿದೆ?" ಎಂದಳು.

ಬೆಂಚಿನ ಮೇಲಿದ್ದ ಲೆಕ್ಕದ ಪುಸ್ತಕವನ್ನು ತೆರೆದು ಹತ್ತು ಅಡಿಯಿಂದ ಹಿಡಿದು ತೋರಿಸಿದೆ. ಒಂದಂಕಿಯನ್ನೂ ಓದಲಿಲ್ಲ.

ಆಗ ನೀನು ನೆನಪಾದೆ. ನೀನು ಅ, ಆ ಕಲಿಯುವ ಮೊದಲು ಅಂಗಡಿಯಲ್ಲಿ ಕೂತು ಗ, ಪ, ಟ ಕಲಿತವಳು. ನಾಲ್ಕು ವರ್ಷಕ್ಕೇ ಪಟವನ್ನೆಲ್ಲ ಒಪ್ಪಿಸುತ್ತಿದ್ದೆ. ಗಿರಾಕಿಗಳು ಕೇಳಿ ಕೇಳಿ ಹೇಳಿಸುತ್ತಿದ್ದರು. ಹನ್ನೊಂದನೇ ವರ್ಷದಲ್ಲಿ ಶಾಲೆಯವರು "ಬೋರ್ಡು ನೋಡೋಲ್ಲ, ಒಮ್ಮೆ ಕಣ್ಣು ತೋರಿಸಿ" ಎಂದು ಚೀಟಿ ಕಳಿಸಿದಾಗ, ನಿನ್ನನ್ನು ಅಂಗಡಿಯ ಈ ತುದಿಯಲ್ಲಿ ನಿಲ್ಲಿಸಿ ಅದೇ ಪಟ ಓದಿಸಿದೆ. ನೀನು ಒಂದೇ ಉಸಿರಿಗೆ ಓದಿದೆ. ನಾನು ನಕ್ಕೆ. ಬಿಸ್ಕತ್ತು ಕೊಟ್ಟೆ.

ಮೇಡಂ ಹತ್ತಿರ ಹೋಗಿ ಹಳೆಯ ಕಡತ ಕೇಳಿದೆ. ಅವರು ಕಾರಣ ಕೇಳಲಿಲ್ಲ. ನಿನ್ನ ಹೆಸರಿನ ಹಾಳೆಯ ಹಿಂದೆ ನನ್ನ ಕೈಬರಹದ ಚೀಟಿ ಅಂಟಿತ್ತು: "ಪರೀಕ್ಷಿಸಿದ್ದೇನೆ. ಎರಡೂ ಕಣ್ಣಿನಲ್ಲಿ ನೋಟದ ದೋಷವಿಲ್ಲ." ಕೆಳಗೆ ನನ್ನ ಸಹಿ, ಅಂಗಡಿಯ ಮುದ್ರೆ. ಅದರ ಕೆಳಗೆ ಅಂದಿನ ಶಿಕ್ಷಕರ ಕೈಯಲ್ಲಿ: "ಹಾಗಾದರೆ ಗಮನದ ಕೊರತೆ."

ಅವರು ನಿನ್ನನ್ನು ಕಳಿಸಿದ್ದು ನಿಜ. ಕಾರಣ ಬರೆದುಕೊಟ್ಟವನು ನಾನು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆರು ವರ್ಷದಿಂದ ನೀನು ಮನೆಗೆ ಬಂದಾಗೆಲ್ಲ ನಿನ್ನ ಮೂಗಿನ ಎರಡು ಬದಿಯಲ್ಲಿ ಸಣ್ಣ ಗುಳಿಗಳಿರುತ್ತವೆ. ಅವು ಏನೆಂದು ತಿಳಿಯಲು ನನ್ನ ಕಸುಬಿನವನಿಗೆ ಎರಡನೇ ಸಲ ನೋಡಬೇಕಿಲ್ಲ. ಮಗಳು ಬೇರೆ ಅಂಗಡಿಯ ಕನ್ನಡಕ ಹಾಕುತ್ತಾಳೆ, ನನ್ನೆದುರು ಬರುವ ಮೊದಲು ತೆಗೆದಿಡುತ್ತಾಳೆ. ಇಪ್ಪತ್ತರ ನಂತರ ಬಂದ ದೋಷವಿರಬೇಕೆಂದುಕೊಂಡೆ. ಅಷ್ಟೇ ಎಂದು ನಂಬುವುದು ಸುಲಭವಾಗಿತ್ತು. ಕೇಳಲು ಧೈರ್ಯ ಬರಲಿಲ್ಲ.

ಬಸ್ ನಿಲ್ದಾಣದಲ್ಲಿ ನಾನು ಕೈ ಬೀಸುತ್ತೇನೆ. ನೀನು ಒಮ್ಮೆಯೂ ಬೀಸುವುದಿಲ್ಲ. ಅದೂ ಸಿಟ್ಟೆಂದೇ ತಿಳಿದಿದ್ದೆ.

ಅಪ್ಪ


ಸೆಪ್ಟೆಂಬರ್ ೨೮

ಕಂದಾ,

ನಾನು ಪತ್ರ ಬರೆದು ಎಷ್ಟು ವರ್ಷವಾಯಿತೋ, ಪೆನ್ನು ಹುಡುಕುವುದರಲ್ಲೇ ಅರ್ಧ ದಿನ ಹೋಯಿತು. ಸಿಕ್ಕಿದ್ದು ನಿನ್ನ ಅಪ್ಪನ ಕಿವಿಯ ಮೇಲೆ.

ಅವರು ಕಣ್ಣು ಪರೀಕ್ಷೆ ನಿಲ್ಲಿಸಿದ್ದಾರೆ. ಬಂದವರಿಗೆ, "ಪೇಟೆಗೆ ಹೋಗಿ ಡಾಕ್ಟರ್ ಹತ್ರ ತೋರಿಸ್ಕೊಂಡು ಬನ್ನಿ, ಕನ್ನಡಕ ಮಾತ್ರ ನಾನು ಮಾಡ್ತೀನಿ" ಅನ್ನುತ್ತಾರೆ. ಪಟ ಸುತ್ತಿ ಬೀರುವಿನ ಹಿಂದೆ ಇಟ್ಟಿದ್ದಾರೆ. ಶನಿವಾರ ಶಾಲೆಗೂ ಹೋಗುವುದಿಲ್ಲ. ಬಡಗಿ ಬಂದು ಕರೆದ, ಮೇಡಂ ಬಂದು ಕರೆದರು. ಆ ಗಿಣಿ ದಿನಾ ಸಂಜೆ ಬಂದು ಬಾಗಿಲಲ್ಲಿ ನಿಂತು, "ತಾತ, ನನ್ನ ಕಣ್ಣು ಯಾವಾಗ ನೋಡ್ತೀಯ?" ಅನ್ನುತ್ತಾಳೆ. ಇವರು ಒಳಗೆ ಮಸೂರ ಉಜ್ಜುತ್ತಾರೆ. ಉಜ್ಜಿದ್ದನ್ನೇ ಉಜ್ಜುತ್ತಾರೆ.

ನಿನಗೆ ಸಿಟ್ಟಿದ್ದರೆ ಸಿಟ್ಟು ಬರೆ. ಅದೂ ಒಂದು ಪತ್ರವೇ. ನಿನ್ನ ಅಪ್ಪನಿಗೆ ಬೈಗುಳ ಜೀರ್ಣವಾಗುತ್ತದೆ, ಮೂವತ್ತು ವರ್ಷದಿಂದ ನಾನು ಪರೀಕ್ಷಿಸಿ ನೋಡಿದ್ದೇನೆ. ಮೌನ ಜೀರ್ಣವಾಗುವುದಿಲ್ಲ.

ಉತ್ತರ ಬೇಗ ಬರಲಿ. ಅಕ್ಷರ ದೊಡ್ಡದಾಗಿ ಬರೆ, ಈಗ ನನಗೂ ಸಣ್ಣದು ಕಾಣುವುದಿಲ್ಲ. ಪರೀಕ್ಷೆ ಮಾಡಿಸೋಣವೆಂದರೆ ಮನೆಯ ಪಂಡಿತರು ಮುಷ್ಕರ ಹೂಡಿದ್ದಾರೆ.

ನಿನ್ನ ಅಮ್ಮ


ಅಕ್ಟೋಬರ್ ೬

ಅಪ್ಪ,

ಏಳು ಸಲ ಬರೆದು ಹರಿದೆ. ದಿನವಿಡೀ ಬೇರೆಯವರ ತಪ್ಪು ತಿದ್ದುವವಳಿಗೆ ತನ್ನ ಒಂದು ಪುಟ ಬರೆಯಲು ಬರುವುದಿಲ್ಲ.

ನನಗೆ ಗೊತ್ತಿತ್ತು. ಆಗ ಅಲ್ಲ. ಆಮೇಲೆ.

ಅಂದು ನೀನು "ಓದು" ಎಂದಾಗ ನಾನು ಮೋಸ ಮಾಡಬೇಕೆಂದು ಮಾಡಲಿಲ್ಲ. ಮಗ್ಗಿ ಹೇಳು ಎಂದರೆ ಮಗ್ಗಿ ಹೇಳುತ್ತಾರೆ, ಪಟ ಹೇಳು ಎಂದರೆ ಪಟ. ಆ ತುದಿಯಲ್ಲಿ ನನಗೆ ಕಂಡದ್ದು ಒಂದು ಬಿಳಿ ಚೌಕ. ಎಲ್ಲರಿಗೂ ಅಷ್ಟೇ ಕಾಣುತ್ತದೆ, ಉಳಿದದ್ದು ಬುದ್ಧಿಯಿಂದ ಹೇಳಬೇಕು ಎಂದುಕೊಂಡಿದ್ದೆ. ಶಾಲೆಯ ಬೋರ್ಡೂ ಹಾಗೆಯೇ ಎಂದುಕೊಂಡಿದ್ದೆ. ಬೇರೆ ಮಕ್ಕಳಿಗೆ ಬುದ್ಧಿ ಹೆಚ್ಚು, ಕಪ್ಪು ಬೋರ್ಡಿನಿಂದಲೇ ತೆಗೆದು ಬರೆಯುತ್ತವೆ ಎಂದು. ಕಣ್ಣು ಸರಿ ಇದೆಯೆಂದು ನೀನೇ ಹೇಳಿದ ಮೇಲೆ ಕೆಟ್ಟಿರುವುದು ತಲೆಯೇ ಇರಬೇಕಲ್ಲ.

ಇಪ್ಪತ್ತೊಂದನೇ ವರ್ಷ ಮುದ್ರಣಾಲಯದವರು ಎಲ್ಲರ ಕಣ್ಣು ತೋರಿಸಿದರು. ಮೈನಸ್ ಮೂರೂವರೆ. ಡಾಕ್ಟರ್, "ಚಿಕ್ಕಂದಿನಿಂದ ಇರಬೇಕಮ್ಮ, ಮನೇಲಿ ಯಾರೂ ಗಮನಿಸಲಿಲ್ವಾ?" ಎಂದರು. ಅಪ್ಪನ ಕಸುಬು ಏನೆಂದು ನಾನು ಹೇಳಲಿಲ್ಲ. ಕನ್ನಡಕ ಹಾಕಿಕೊಂಡು ಹೊರಗೆ ಬಂದಾಗ ರಸ್ತೆಯ ಆಚೆ ಅಂಗಡಿಗಳ ಹೆಸರಿತ್ತು. ಒಂದೊಂದನ್ನೇ ಓದಿದೆ. ನಿಂತು ಅತ್ತೆ. ದಾರಿಹೋಕರು ಯಾರೋ ಸತ್ತರೆಂದುಕೊಂಡಿರಬೇಕು. ಆ ದಿನ ನನಗೆ ಬುದ್ಧಿ ಬಂತು, ಅಪ್ಪ. ಯಾವಾಗಲೂ ಇತ್ತೆಂದು ತಿಳಿಯಿತು.

ನಿನ್ನ ಮೇಲೆ ಸಿಟ್ಟು ಬಂತು. ಬರಲಿಲ್ಲವೆಂದರೆ ಸುಳ್ಳು. ಆದರೆ ಕನ್ನಡಕ ಹಾಕಿಕೊಂಡು ನಿನ್ನೆದುರು ನಿಂತರೆ ನೀನು ಒಂದೇ ಕ್ಷಣದಲ್ಲಿ ಎಲ್ಲವನ್ನೂ ಲೆಕ್ಕ ಹಾಕುತ್ತೀಯೆಂದು ಗೊತ್ತಿತ್ತು. ಅದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ಅದಕ್ಕೇ ಊರು ಬರುವ ಮೊದಲೇ ಬಸ್ಸಿನಲ್ಲಿ ತೆಗೆದು ಚೀಲಕ್ಕೆ ಹಾಕುತ್ತಿದ್ದೆ. ಎರಡು ದಿನ ಕಳೆದರೆ ತಲೆನೋವು ಶುರುವಾಗುತ್ತಿತ್ತು, ಹೊರಟುಬಿಡುತ್ತಿದ್ದೆ. ನಾಲ್ಕು ದಿನ ಇರು ಎಂದು ಅಮ್ಮ ಕೇಳುವಾಗೆಲ್ಲ ಇದನ್ನು ಹೇಗೆ ಹೇಳುವುದು?

ನೀನು ಕೈ ಬೀಸುತ್ತಿದ್ದೆಯಾ? ನಿಲ್ದಾಣದಲ್ಲಿ ನನಗೆ ಕಾಣುತ್ತಿದ್ದದ್ದು ಬಣ್ಣಗಳು ಮಾತ್ರ. ನೀನು ಹತ್ತಿರ ಬಂದು "ಬಂದೆಯಾ" ಎಂದ ಮೇಲೆಯೇ ನೀನೆಂದು ತಿಳಿಯುತ್ತಿತ್ತು.

ಗಿಣಿಯ ಕಣ್ಣು ನೋಡು. ಇದು ಬೇಡಿಕೆಯಲ್ಲ. ಅವಳ ಹತ್ತು ತಿಂಗಳು ಶುರುವಾಗುವ ಮೊದಲು ನೋಡು.

ಮಗಳು


ನವೆಂಬರ್ ೩

ಮಗಳೇ,

ನಿನ್ನ ಪತ್ರ ಬಂದ ಸಂಜೆಯೇ ಗಿಣಿಯನ್ನು ಕೂರಿಸಿದೆ. ಪಟ ಬಳಸಲಿಲ್ಲ. ಹಳೆಯ ಪತ್ರಿಕೆಗಳ ತಲೆಬರಹ ಕತ್ತರಿಸಿ ಒಂದೊಂದಾಗಿ ಹಿಡಿದು ತೋರಿಸಿದೆ. ಮೈನಸ್ ಎರಡೂಕಾಲು. ಕನ್ನಡಕ ಹಾಕಿದ ತಕ್ಷಣ ಗೋಡೆಯ ಗಡಿಯಾರ ನೋಡಿ ಕೂಗಿದಳು, "ತಾತ, ಇದಕ್ಕೆ ಮೂರನೇ ಮುಳ್ಳಿದೆ! ಓಡ್ತಾ ಇದೆ!" ಅದು ಓಡುವುದನ್ನು ಹತ್ತು ನಿಮಿಷ ನೋಡುತ್ತಾ ಬಾಯಿ ಮುಚ್ಚಿ ಕೂತಿದ್ದಳು. ಅವಳ ತಾಯಿ, "ಇಷ್ಟು ಹೊತ್ತು ಇವಳು ಸುಮ್ನಿದ್ದಿದ್ದು ಹುಟ್ಟಿದ ಮೇಲೆ ಇದೇ ಮೊದಲು. ಇನ್ನೊಂದು ಜೊತೆ ಮಾಡಿಕೊಡಿ" ಎಂದಳು.

ನಿನ್ನ ಅಮ್ಮನಿಗೂ ಓದುವ ಕನ್ನಡಕವಾಯಿತು. ನಿನ್ನ ಪತ್ರವನ್ನು ಅವಳೇ ಓದಿದಳು. ಆಮೇಲೆ ಒಳಗೆ ಹೋಗಿ ತುಂಬ ಹೊತ್ತು ಪಾತ್ರೆ ತೊಳೆದಳು.

ಉಚಿತ ಸೀಟಿನ ಸಮಿತಿಯಲ್ಲಿ ಈಗ ಓಣಿಯವರು ಮೂವರಿದ್ದೇವೆ. ಕಳೆದ ವಾರದ ಸಭೆಯಲ್ಲಿ ಹಳೆಯ ನಿಯಮ ಓದಿದರು: ಮೊದಲ ವರ್ಷ ತೃಪ್ತಿಕರವಾಗಿಲ್ಲದಿದ್ದರೆ ಸೀಟು ಹಿಂದಕ್ಕೆ. ನಾನು ಎದ್ದು ನಿಂತೆ. ನಿನಗೆ ಗೊತ್ತು, ನಾಲ್ಕು ಜನರ ಮುಂದೆ ನನಗೆ ನಾಲಿಗೆ ಹೊರಳುವುದಿಲ್ಲ. ಕಡತದಿಂದ ನನ್ನ ಚೀಟಿ ತೆಗೆಸಿ ಗಟ್ಟಿಯಾಗಿ ಓದಿದೆ. "ಇದು ನನ್ನ ಸಹಿ. ಇದು ತಪ್ಪು. ಮಗು ನನ್ನದೇ" ಎಂದೆ. ಚೀಟಿಯನ್ನು ಮೇಜಿನ ಮೇಲಿಟ್ಟು ಕೂತೆ. ಬಡಗಿ ಬಾಯಿಂದ ಮೊಳೆ ತೆಗೆದು ಉಳಿದದ್ದನ್ನು ಹೇಳಿದ.

ನಿಯಮ ಬದಲಾಯಿತು. ಯಾವ ಮಗುವನ್ನೂ ವಾಪಸು ಕಳಿಸುವಂತಿಲ್ಲ. ಮಗು ಹಿಂದೆ ಬಿದ್ದರೆ ಮೊದಲು ಕಣ್ಣು, ಕಿವಿ ನೋಡಬೇಕು, ಆಮೇಲೆ ಪಾಠ ಹೇಳುವ ರೀತಿ. ಕಣ್ಣನ್ನು ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಬೇರೆ ಪಟದಲ್ಲಿ. ಮೇಡಂ ನಿನ್ನ ಹಾಳೆಯ ಮೇಲೆ "ತಪ್ಪು ಶಾಲೆಯದು" ಎಂದು ಬರೆದು ಸಹಿ ಹಾಕಿದರು. ನಾನು ಅದರ ಕೆಳಗೆ "ನನ್ನದೂ" ಎಂದು ಬರೆದೆ.

ಈಗ ನಿನ್ನ ಮುದ್ರಣಾಲಯಕ್ಕೆ ಒಂದು ಕೆಲಸ. ನಾಲ್ಕು ಹೊಸ ಅಕ್ಷರಪಟ ಬೇಕು, ಒಂದರಂತೆ ಇನ್ನೊಂದಿರಬಾರದು. ಪ್ರತಿ ತಿಂಗಳು ಬದಲಿಸುತ್ತೇವೆ. ಅಳತೆಗಳನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಒಂದು ಮಾತು ಮರೆಯಬೇಡ: ಯಾವ ಸಾಲಿನಲ್ಲೂ ಅಕ್ಷರಗಳು ಸೇರಿ ಪದವಾಗಬಾರದು. ಪದವಾದರೆ ಮಕ್ಕಳು ನೋಡದೆ ಊಹಿಸುತ್ತವೆ.

ಅಪ್ಪ


ನವೆಂಬರ್ ೨೫

ಅಪ್ಪ,

ನಾಲ್ಕೂ ಪಟ ಕೊಳವೆಯಲ್ಲಿ ಸುತ್ತಿ ಕಳಿಸಿದ್ದೇನೆ. ನಾನೇ ಜೋಡಿಸಿ, ನಾನೇ ಕರಡು ತಿದ್ದಿದ್ದು. ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ. ನಾಲ್ಕನೆಯದರ ಕೊನೆಯ ಸಾಲನ್ನು ಮಾತ್ರ ಸರಿಯಾಗಿದೆಯೇ ಎಂದು ಬೇರೆ ಯಾರಿಂದಲಾದರೂ ಓದಿಸು. ನಿನ್ನ ಕಣ್ಣಿಗೆ ಅದು ಸಣ್ಣದಾಗಬಹುದು.

ಮಗಳು


ಡಿಸೆಂಬರ್ ೨

ಮಗಳೇ,

ಪಟಗಳು ಶುಕ್ರವಾರ ಬಂದವು. ಮರುದಿನ ಶಾಲೆಯ ಮೊಗಸಾಲೆಯಲ್ಲಿ ನಾಲ್ಕನೆಯದನ್ನು ತೂಗುಹಾಕಿ ಗಿಣಿಯನ್ನು ಸುಣ್ಣದ ಗೆರೆಯ ಮೇಲೆ ನಿಲ್ಲಿಸಿದೆ. ನನಗೆ ಕೊನೆಯ ಸಾಲು ಇರುವೆಸಾಲಿನಂತೆ ಕಂಡಿತು.

ಗಿಣಿ ಮೇಲಿನಿಂದ ಇಳಿಯುತ್ತ ಬಂದಳು. ಈ ಸಲ ಪಟ ಬಾಯಿಪಾಠವಿಲ್ಲ, ಆದ್ದರಿಂದ ನಿಧಾನ. ಕೊನೆಯ ಸಾಲಿಗೆ ಕನ್ನಡಕವನ್ನು ಬೆರಳಿನಿಂದ ಮೇಲೆ ತಳ್ಳಿಕೊಂಡು ಒಂದೊಂದೇ ಅಕ್ಷರ ಕೂಗಿದಳು.

"ಕ. ನ್ನ. ಡ. ಕ. ಹಾ. ಕಿ. ಬ. ರು. ವೆ."

ಕೂಗಿ, "ಸರಿಯಾ ತಾತ?" ಎಂದಳು. ನನ್ನ ಮುಖ ನೋಡಿ, "ಒಂದೂ ತಪ್ಪಿಲ್ಲ ತಾನೇ? ಯಾಕೆ ಕಣ್ಣು ಒರಸ್ಕೊಳ್ತಿದೀಯ?" ಎಂದಳು. ಬಡಗಿ, "ಮರದ ಪುಡಿ ಬಿತ್ತು ಕಣೇ, ನಡಿ ಆಚೆ" ಎಂದ. ಅವತ್ತು ಅವನು ಒಂದು ಹಲಗೆಯನ್ನೂ ಕೊಯ್ದಿರಲಿಲ್ಲ.

ನನ್ನ ಸೂಚನೆಯನ್ನು ಮೀರಿದ್ದೀಯ. ಪದವಾಗಬಾರದೆಂದು ಸ್ಪಷ್ಟವಾಗಿ ಬರೆದಿದ್ದೆ. ಆ ಪಟ ಪರೀಕ್ಷೆಗೆ ಬಾರದು. ಅಂಗಡಿಯ ಹಳೆಯ ಮೊಳೆಗೆ ತೂಗುಹಾಕಿದ್ದೇನೆ. ಅಲ್ಲಿಯ ಚೌಕಕ್ಕೆ ಸರಿಯಾಗಿ ಕೂತಿದೆ. ಶಾಲೆಗೆ ಬದಲಿ ಪಟ ಒಂದನ್ನು ಬರುವಾಗ ನೀನೇ ತೆಗೆದುಕೊಂಡು ಬಾ. ಶನಿವಾರ ಹಿಂದಿನ ಗೇಟಿನಲ್ಲಿ ಹೋಗಿ ನಾವಿಬ್ಬರೂ ಹಾಕಿ ಬರೋಣ, ನಿನಗೆ ಮನಸ್ಸಿದ್ದರೆ.

ಯಾವ ಬಸ್ಸೆಂದು ತಿಳಿಸು. ನಿಲ್ದಾಣದ ಆ ತುದಿಯಲ್ಲೇ ನಿಂತಿರುತ್ತೇನೆ, ಹತ್ತಿರ ಬರುವುದಿಲ್ಲ. ಅಲ್ಲಿಂದಲೇ ಕೈ ಬೀಸುತ್ತೇನೆ.

ಅಪ್ಪ